ಬೀದಿಯವರೆಲ್ಲ ಒಟ್ಟಿಗೆ ನಡೆಯೋಕೆ: ವಾಕಿಂಗ್ ಗುಂಪು ಕಟ್ಟುವ, ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನಾನು ಕಟ್ಟಿದ ಮೊದಲ ವಾಕಿಂಗ್ ಗುಂಪು ಸರಿಯಾಗಿ ಹನ್ನೊಂದು ದಿನ ಬಾಳಿತು. ಮೊದಲ ದಿನ 23 ಜನ. ಕೊನೆಯ ದಿನ ನಾನೊಬ್ಬನೇ ನೀರಿನ ಬಾಟಲಿ ಹಿಡಿದು ಕಾಯುತ್ತಾ ನಿಂತಿದ್ದೆ. ಜನಕ್ಕೆ ಆರೋಗ್ಯದ ಮೇಲೆ ಕಾಳಜಿಯೇ ಇಲ್ಲ ಅಂತ ಆಗ ಬೈದುಕೊಂಡಿದ್ದೆ. ತಪ್ಪು ನನ್ನದೇ ಅಂತ ಗೊತ್ತಾಗೋಕೆ ಕೆಲವು ತಿಂಗಳು ಬೇಕಾಯಿತು. ನಾನು ಬಿರುಸಾಗಿ ನಡೆಯುವವನು. ದಿನಾ ಮುಂದೆ ಮುಂದೆ ಹೋಗುತ್ತಿದ್ದೆ, ನನ್ನ ಹಿಂದೆ ಇನ್ನು ನಾಲ್ಕು ಜನ ಚುರುಕು ಕಾಲಿನವರು, ಉಳಿದವರು ಅರ್ಧ ಫರ್ಲಾಂಗು ಹಿಂದೆ. ಅವರಿಗೆ ಯಾರೂ ಏನೂ ಅಂದಿರಲಿಲ್ಲ. ಆದರೆ ನಸುಕಿನಲ್ಲೆದ್ದು, ಶೂ ಕಟ್ಟಿಕೊಂಡು ಬಂದು, ಬೇರೆಯವರ ಬೆನ್ನು ನೋಡುತ್ತಾ ನಡೆಯೋದು ಯಾರಿಗೆ ಬೇಕು ಹೇಳಿ?

ಎರಡನೇ ಗುಂಪು ಶುರುವಾಗಿ ಈಗ ನಾಲ್ಕು ವರ್ಷ. ನಿಯಮ ಒಂದೇ ಒಂದು ಬದಲಾಗಿತ್ತು: ನಮ್ಮ ವೇಗವನ್ನು ಎಲ್ಲರಿಗಿಂತ ಹಿಂದೆ ಬರುವವರು ನಿರ್ಧರಿಸುತ್ತಾರೆ. ಈ ಬರಹದಲ್ಲಿ ಮುಂದೆ ಹೇಳುವ ಮುಕ್ಕಾಲು ಮಾತು ಆ ನಿಯಮದಿಂದಲೇ ಹುಟ್ಟಿದ್ದು.

ಯಾಕೆ ಗುಂಪು? ಒಬ್ಬರೇ ನಡೆದರೆ ಆಗಲ್ವಾ?

ಆಗುತ್ತದೆ. ದೇಹ ಓಡಾಡಿಕೊಂಡಿದ್ದರೆ ಹೃದಯಕ್ಕೆ ಒಳ್ಳೆಯದು ಅನ್ನುವುದನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲೇ ಲಂಡನ್ನಿನ ಬಸ್ಸುಗಳಲ್ಲಿ ಕಂಡುಕೊಂಡಿದ್ದರು. ದಿನವಿಡೀ ಕೂತೇ ಇರುವ ಡ್ರೈವರುಗಳಿಗೆ ಹೋಲಿಸಿದರೆ, ಟಿಕೆಟ್ ಕೊಡುತ್ತಾ ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಅವರು ಯಾವ ಕ್ಲಬ್ಬಿಗೂ ಸೇರಿರಲಿಲ್ಲ.

ಗುಂಪು ಬೇಕಾಗುವುದು ಬೇರೆ ಕಾರಣಕ್ಕೆ. ಒಬ್ಬರೇ ನಡೆಯುವವರು ಬೇಗ ಬಿಟ್ಟುಬಿಡುತ್ತಾರೆ. ಬೆಳಿಗ್ಗೆ ಎಚ್ಚರವಾದಾಗ ನಮ್ಮ ಮನಸ್ಸೇ ದೊಡ್ಡ ವಕೀಲ, ಯಾಕೆ ಹೋಗಬಾರದು ಅಂತ ಹತ್ತು ಕಾರಣ ಕೊಡುತ್ತದೆ. ಮೂಲೆಯಲ್ಲಿ ಯಾರೋ ಕಾಯುತ್ತಿದ್ದಾರೆ ಅಂತ ನೆನಪಾದರೆ ವಕೀಲರು ಸುಮ್ಮನಾಗುತ್ತಾರೆ. ಸಾರಾ ಹ್ಯಾನ್ಸನ್ ಮತ್ತು ಆ್ಯಂಡಿ ಜೋನ್ಸ್ ಎಂಬ ಸಂಶೋಧಕರು ವಾಕಿಂಗ್ ಗುಂಪುಗಳ ಮೇಲೆ ಆಗಿದ್ದ 42 ಅಧ್ಯಯನಗಳನ್ನು, ಅಂದರೆ 1,843 ಜನರ ಲೆಕ್ಕವನ್ನು ಒಟ್ಟು ಹಾಕಿ 2015ರಲ್ಲಿ ಪ್ರಕಟಿಸಿದರು. ಮೇಲಿನ ಬಿಪಿ ಸರಾಸರಿ 3.7 ಅಂಕ ಇಳಿದಿತ್ತು, ಸುಮ್ಮನೆ ಕೂತಿದ್ದಾಗಿನ ನಾಡಿಬಡಿತ ನಿಮಿಷಕ್ಕೆ ಸುಮಾರು 3 ಕಡಿಮೆಯಾಗಿತ್ತು, ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಸುಮಾರು 80 ಮೀಟರ್ ಹೆಚ್ಚಿತ್ತು. ಮನಸ್ಸು ಕುಗ್ಗುವುದೂ ಕಡಿಮೆಯಾಗಿತ್ತು. ಒಬ್ಬೊಬ್ಬರ ಮಟ್ಟಿಗೆ ಇವು ಸಣ್ಣ ಅಂಕಿಗಳೇ. ನನಗೆ ಇಷ್ಟವಾದ ಅಂಕಿ ಬೇರೆ: ಸುಮಾರು ಮುಕ್ಕಾಲು ಪಾಲು ಜನ ಮಧ್ಯದಲ್ಲಿ ಕೈಬಿಡದೆ ಬಂದಿದ್ದರು. ಯಾವ ಜಿಮ್ಮಿನವರನ್ನಾದರೂ ಕೇಳಿ ನೋಡಿ, ಮುಕ್ಕಾಲು ಪಾಲು ಅಂದರೆ ಹೊಟ್ಟೆಕಿಚ್ಚು ಪಡುತ್ತಾರೆ.

ಹಂತ 1: ಮೊದಲು ಒಬ್ಬರನ್ನು ಹುಡುಕಿ, ಇಪ್ಪತ್ತು ಜನರನ್ನಲ್ಲ

ಎಲ್ಲರೂ ಮಾಡುವ ತಪ್ಪು ಇದು. ಮೊದಲೇ ಪೋಸ್ಟರ್, ವಾಟ್ಸ್ಆ್ಯಪ್ ಗುಂಪು, ಟೀ ಶರ್ಟ್, ಉದ್ಘಾಟನೆ. ಬೇಡ. ನಿಮ್ಮ ಹಾಗೆಯೇ ನಡೆಯಬೇಕು ಅಂದುಕೊಂಡು ನಡೆಯದೇ ಇರುವ ಒಬ್ಬರು ಅಕ್ಕಪಕ್ಕದಲ್ಲಿ ಇದ್ದೇ ಇರುತ್ತಾರೆ, ಅವರನ್ನು ಹಿಡಿಯಿರಿ. ಸಾಧ್ಯವಾದರೆ ನಿಮ್ಮ ತರಹದವರೇ ಬೇಡ. ನೀವು ಮೂವತ್ತರವರಾದರೆ ಅರವತ್ತರವರೊಬ್ಬರು, ನೀವು ಗಂಡಸಾದರೆ ಒಬ್ಬ ಹೆಂಗಸು. ಯಾಕೆಂದರೆ ಮುಂದೆ ಬರುವವರು ಗುಂಪನ್ನು ದೂರದಿಂದ ನೋಡಿ, ಅದರಲ್ಲಿ ನನ್ನಂಥವರು ಯಾರಾದರೂ ಇದ್ದಾರಾ ಅಂತ ಮೊದಲು ಹುಡುಕುತ್ತಾರೆ. ನಾಲ್ಕು ಜನ ದಾಂಡಿಗರು ಕೈ ಬೀಸಿಕೊಂಡು ಹೋಗುವುದು ಕಂಡರೆ ಮಂಡಿ ನೋವಿನವರು ಕಿಟಕಿಯಿಂದಲೇ ಟಾಟಾ ಮಾಡುತ್ತಾರೆ, ಅಷ್ಟೇ.

ಇಬ್ಬರೇ ಎರಡು ವಾರ ನಡೆಯಿರಿ. ದಾರಿ ಪರಿಚಯವಾಗುತ್ತದೆ, ಸಮಯ ಹೊಂದುತ್ತದೆ, ಮತ್ತೆ ಇಬ್ಬರು ದಿನಾ ಹೋಗುತ್ತಿರುವುದು ಬೀದಿಯವರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಒಳ್ಳೆಯ ಪೋಸ್ಟರ್ ನಾನು ನೋಡಿಲ್ಲ. ಆಮೇಲೆ ಒಬ್ಬೊಬ್ಬರು ಇಬ್ಬಿಬ್ಬರನ್ನು ಬಾಯಿಮಾತಿನಲ್ಲಿ ಕರೆಯಿರಿ. ಕರೆಯುವ ರೀತಿಯೂ ಮುಖ್ಯ. "ನೀವು ಸ್ವಲ್ಪ ನಡೆಯಬೇಕು ರೀ" ಅಂದರೆ ಅದು ಉಪದೇಶ, ಮನುಷ್ಯರು ಉಪದೇಶ ಕೇಳಿ ಎದ್ದು ಬಂದದ್ದು ಕಡಿಮೆ. "ನಾಳೆ ಆರೂವರೆಗೆ ನಾವು ಹೋಗ್ತೀವಿ, ನಿಮ್ಮ ಗೇಟಿನ ಮುಂದೇನೇ ಹಾದು ಹೋಗ್ತೀವಿ, ಬನ್ನಿ" ಅಂದರೆ ಬೇರೆ. ಅಮೆರಿಕದ ಒಹಾಯೊದಲ್ಲಿ ಡೇವಿಡ್ ಸಾಬ್ಗಿರ್ ಎಂಬ ಹೃದ್ರೋಗ ವೈದ್ಯರು ರೋಗಿಗಳಿಗೆ ವ್ಯಾಯಾಮ ಮಾಡಿ ಅಂತ ಹೇಳಿ ಹೇಳಿ ಸೋತಿದ್ದರು. 2005ರಲ್ಲಿ ಅವರು ಮಾತು ಬದಲಿಸಿ, ವಾರಾಂತ್ಯಕ್ಕೆ ಪಾರ್ಕಿಗೆ ಬನ್ನಿ, ನಾನೂ ನಿಮ್ಮ ಜೊತೆ ನಡೆಯುತ್ತೇನೆ ಅಂದರು. ಮೊದಲ ಸಲವೇ ನೂರರಷ್ಟು ಜನ ಬಂದರು. ವಾಕ್ ವಿತ್ ಎ ಡಾಕ್ ಅಂತ ಅದು ಆಮೇಲೆ ಎಷ್ಟೋ ಊರುಗಳಿಗೆ ಹಬ್ಬಿತು. ಔಷಧಿ ಬದಲಾಗಿರಲಿಲ್ಲ, ಕರೆದ ಧಾಟಿ ಬದಲಾಗಿತ್ತು.

ಹಂತ 2: ಸಮಯ ಒಂದು, ಜಾಗ ಒಂದು, ಕಾಯುವುದು ಐದು ನಿಮಿಷ

ಎಲ್ಲರಿಗೂ ಅನುಕೂಲವಾಗುವ ಸಮಯ ಅಂತ ಒಂದು ಇಲ್ಲ. ಅದನ್ನು ಹುಡುಕುತ್ತಾ ಕೂತರೆ ಗುಂಪಿನಲ್ಲಿ ದಿನಾ ಚುನಾವಣೆ ನಡೆಯುತ್ತದೆ, ನಡಿಗೆ ನಡೆಯುವುದಿಲ್ಲ. ಮೊದಲ ನಾಲ್ಕೈದು ಜನಕ್ಕೆ ಆಗುವ ಸಮಯ ಹಿಡಿಯಿರಿ, ಅದಕ್ಕೇ ಅಂಟಿಕೊಳ್ಳಿ. ಸಂಜೆ ಬೇಕು ಅನ್ನುವವರು ಸಾಕಷ್ಟು ಇದ್ದರೆ ಅವರದ್ದೇ ಇನ್ನೊಂದು ತಂಡ ಆಗಲಿ. ವಾರಕ್ಕೆ ಮೂರು ದಿನದಿಂದ ಶುರು ಮಾಡಿ. ದಿನಾ ಅಂದರೆ ಹೊಸಬರು ಹೆದರುತ್ತಾರೆ, ವಾರಕ್ಕೊಂದು ಅಂದರೆ ಮರೆತೇ ಹೋಗುತ್ತದೆ.

ಸೇರುವ ಜಾಗ ಎಂಥದ್ದಿರಬೇಕು? ಎಲ್ಲರಿಗೂ ಹೇಳದೆಯೇ ಗೊತ್ತಿರುವಂಥದ್ದು, ಒಂದು ದೊಡ್ಡ ಮರ, ಒಂದು ಗೇಟು, ಒಂದು ತಿರುವು. ಬೆಳಕು ಇರಬೇಕು. ಕೂರೋಕೆ ಒಂದು ಕಟ್ಟೆಯೋ ಬೆಂಚೋ ಇದ್ದರೆ ವಯಸ್ಸಾದವರು ಹತ್ತು ನಿಮಿಷ ಮುಂಚೆಯೇ ಬಂದು ಕೂರುತ್ತಾರೆ, ಗುಂಪಿನ ಅರ್ಧ ಸ್ನೇಹ ಅಲ್ಲೇ ಬೆಳೆಯುತ್ತದೆ. ಯಾರದ್ದೋ ಮನೆಯ ಅಂಗಳ ಬೇಡ. ಆ ಮನೆಯವರಿಗೂ ಒಂದು ದಿನ ಬೇಸರವಾಗುತ್ತದೆ, ಅವರ ಜೊತೆ ಮಾತು ಬಿಟ್ಟವರು ಗುಂಪನ್ನೂ ಬಿಡುತ್ತಾರೆ.

ಐದು ನಿಮಿಷ ಕಾದು ಹೊರಡಿ. ಕಟ್ಟುನಿಟ್ಟಾಗಿ. ತಡವಾಗಿ ಬಂದವರು ಎಲ್ಲಿ ಸೇರಿಕೊಳ್ಳಬಹುದು ಅಂತ ಗೊತ್ತಿದ್ದರೆ ಯಾರಿಗೂ ಬೇಜಾರಿಲ್ಲ. ಹದಿನೈದು ನಿಮಿಷ ಕಾದರೆ ಸಮಯಕ್ಕೆ ಬಂದವರಿಗೆ ಶಿಕ್ಷೆ ಕೊಟ್ಟ ಹಾಗೆ, ಮಾರನೇ ದಿನದಿಂದ ಅವರೂ ಹದಿನೈದು ನಿಮಿಷ ತಡವಾಗಿಯೇ ಬರುತ್ತಾರೆ.

ಹಂತ 3: ದಾರಿಯನ್ನು ಕಾಲಿನಲ್ಲಿ ನೋಡಿ, ಮ್ಯಾಪಿನಲ್ಲಿ ಅಲ್ಲ

ಫೋನಿನ ಮ್ಯಾಪು ದೂರ ಹೇಳುತ್ತದೆ, ಕಿತ್ತುಹೋದ ಕಲ್ಲುಚಪ್ಪಡಿ ಹೇಳುವುದಿಲ್ಲ. ಆಗ ಹೇಳಿದ 42 ಅಧ್ಯಯನಗಳಲ್ಲಿ ಗುಂಪು ನಡಿಗೆಯಿಂದ ಆದ ತೊಂದರೆ ಅಂತ ಸಿಕ್ಕಿದ್ದು ತೀರಾ ಕಡಿಮೆ. ಸಿಕ್ಕಿದ್ದರಲ್ಲಿ ಉಬ್ಬುತಗ್ಗು ನೆಲ ಅಥವಾ ಒದ್ದೆ ನೆಲದಲ್ಲಿ ಬಿದ್ದ ಕೆಲವು ಪ್ರಸಂಗಗಳಿದ್ದವು. ಹಾಗಾಗಿ ದಾರಿ ಆರಿಸುವಾಗ ನೋಟ ಚೆನ್ನಾಗಿದೆಯಾ ಅನ್ನುವುದಕ್ಕಿಂತ ಮೊದಲು ನೆಲ ನೋಡಿ.

ನಡಿಗೆ ಶುರುವಾಗುವ ಸಮಯಕ್ಕೇ ಒಂದು ಸಲ ಆ ದಾರಿಯಲ್ಲಿ ಹೋಗಿ ಬನ್ನಿ. ಬೆಳಗಿನ ಆರಕ್ಕೆ ಖಾಲಿ ಇರುವ ರಸ್ತೆ ಏಳೂವರೆಗೆ ಶಾಲೆ ವಾಹನಗಳಿಂದ ತುಂಬಿರಬಹುದು. ಎಲ್ಲಿ ಬೀದಿದೀಪ ಉರಿಯುವುದಿಲ್ಲ, ಯಾವ ಗೇಟಿನ ಹಿಂದೆ ನಾಯಿ ಬೊಗಳುತ್ತದೆ, ಎಲ್ಲಿ ಏರು ಶುರುವಾಗುತ್ತದೆ, ಎಲ್ಲಿ ಕುಳಿತು ಸುಧಾರಿಸಿಕೊಳ್ಳಬಹುದು, ಎಲ್ಲಿ ಶೌಚಾಲಯ ಇದೆ ಅಂತ ಬರೆದಿಟ್ಟುಕೊಳ್ಳಿ. ಶೌಚಾಲಯದ ಮಾತು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಆದರೆ ಅದು ಇಲ್ಲ ಅಂತ ಬರುವುದನ್ನೇ ಬಿಟ್ಟವರು ನನಗೆ ಗೊತ್ತು.

ನನ್ನ ಅನುಭವದಲ್ಲಿ ಎಂಟಂಕಿಯ ಆಕಾರದ ದಾರಿ ಎಲ್ಲಕ್ಕಿಂತ ಒಳ್ಳೆಯದು. ಎರಡು ಸಣ್ಣ ಸುತ್ತು, ಮಧ್ಯದಲ್ಲಿ ಸೇರುವ ಜಾಗ. ಒಂದೊಂದು ಸುತ್ತು ಒಂದೂವರೆ ಕಿಲೋಮೀಟರ್ ಆಸುಪಾಸು ಇರಲಿ. ಸುಸ್ತಾದವರು ಒಂದು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂರಬಹುದು, ತಡವಾಗಿ ಬಂದವರು ಎರಡನೇ ಸುತ್ತಿಗೆ ಸೇರಬಹುದು, ಬಿರುಸಿನವರು ಮೂರನೇದನ್ನೂ ಹೊಡೆಯಬಹುದು. ಯಾರೂ ಅರ್ಧಕ್ಕೆ ಬಿಟ್ಟ ಹಾಗೆ ಆಗುವುದಿಲ್ಲ ನೋಡಿ. ನೇರ ಹೋಗಿ ಹಿಂತಿರುಗುವ ದಾರಿಯಲ್ಲಿ ಸುಸ್ತಾದರೆ ಮನೆ ದೂರ, ಮಾನವೂ ದೂರ.

ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ವಾಹನ ಬರುವ ಬದಿಯಲ್ಲೇ ನಡೆಯಿರಿ, ಬರುವುದು ಕಣ್ಣಿಗೆ ಕಾಣಬೇಕು. ಇಬ್ಬಿಬ್ಬರಿಗಿಂತ ಜಾಸ್ತಿ ಅಡ್ಡಡ್ಡ ಬೇಡ. ಕತ್ತಲಿದ್ದರೆ ತಿಳಿ ಬಣ್ಣದ ಬಟ್ಟೆ, ಮುಂದಿನವರು ಮತ್ತು ಹಿಂದಿನವರ ಕೈಯಲ್ಲಿ ಒಂದೊಂದು ಟಾರ್ಚು.

ಹಂತ 4: ಮುಂದೆ ಒಬ್ಬರು, ಹಿಂದೆ ಒಬ್ಬರು

ಇಡೀ ವ್ಯವಸ್ಥೆ ಇಷ್ಟೇ. ಮುಂದಿನವರಿಗೆ ದಾರಿ ಗೊತ್ತಿರಬೇಕು. ಹಿಂದಿನವರಿಗೆ ತಾಳ್ಮೆ ಇರಬೇಕು. ಇವೆರಡರಲ್ಲಿ ಹಿಂದಿನ ಕೆಲಸವೇ ದೊಡ್ಡದು. ನಾವು ಅವರನ್ನು "ಬಾಲ" ಅಂತ ಕರೆಯುತ್ತೇವೆ, ಪ್ರೀತಿಯಿಂದಲೇ. ಬಾಲದವರ ಹಿಂದೆ ಯಾರೂ ಇರಬಾರದು. ಕೊನೆಯವರು ಚಪ್ಪಲಿ ಸರಿ ಮಾಡಿಕೊಳ್ಳೋಕೆ ನಿಂತರೆ ಬಾಲವೂ ನಿಲ್ಲುತ್ತದೆ.

ಗಟ್ಟಿಮುಟ್ಟಾದವರನ್ನೇ ಬಾಲ ಮಾಡಿ. ಇದು ನಾನು ಎಡವಿ ಕಲಿತದ್ದು. ಚುರುಕಿನವರನ್ನು ಮುಂದೆ ಬಿಟ್ಟರೆ ಗುಂಪು ರಬ್ಬರಿನ ಹಾಗೆ ಎಳೆದುಕೊಂಡು ಹೋಗಿ ಕಿತ್ತುಹೋಗುತ್ತದೆ. ಅವರನ್ನೇ ಹಿಂದೆ ಹಾಕಿದರೆ ಅವರಿಗೂ ಒಂದು ಜವಾಬ್ದಾರಿ, ನಿಧಾನದವರಿಗೂ ಒಬ್ಬ ಜೊತೆಗಾರ. ಬಿರುಸಿನ ನಡಿಗೆ ಬೇಕೇ ಬೇಕು ಅಂದರೆ ಮುಂದೆ ಹೋಗಿ, ತಿರುಗಿ ಬಂದು ಬಾಲವನ್ನು ಮುಟ್ಟಿ ಮತ್ತೆ ಹೋಗಲಿ. ಅವರಿಗೆ ದೂರ ಹೆಚ್ಚಾಯಿತು, ಗುಂಪೂ ಒಡೆಯಲಿಲ್ಲ.

ಒಂದು ಎಚ್ಚರಿಕೆ. ಮುಂದಿನವರು ತಿರುವಿನಲ್ಲಿ ನಿಂತು ಕಾಯುತ್ತಾರಲ್ಲ, ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ ಮತ್ತೆ ಹೊರಟುಬಿಡುತ್ತಾರೆ. ಅಂದರೆ ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೆ ಸಿಗಲೇ ಇಲ್ಲ. ಎಲ್ಲರೂ ಬಂದ ಮೇಲೆ ಇನ್ನೂ ಎರಡು ನಿಮಿಷ ನಿಲ್ಲಿ. ಮಾತಾಡಿ. ಆಮೇಲೆ ಹೊರಡಿ.

ಹಂತ 5: ಎಷ್ಟು ನಡೆಯಬೇಕು, ಎಷ್ಟು ಜೋರಾಗಿ?

ಈ ಪ್ರಶ್ನೆಗೆ ಪ್ರತಿ ಗುಂಪಿನಲ್ಲೂ ಒಬ್ಬ ಪಂಡಿತರು ಇರುತ್ತಾರೆ. ಅವರ ಕೈಯಲ್ಲಿ ವಾಚು, ಬಾಯಲ್ಲಿ ಹತ್ತು ಸಾವಿರ ಹೆಜ್ಜೆ. ಆ ಹತ್ತು ಸಾವಿರದ ಕಥೆ ಕೇಳಿ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಒಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್ಪೊ ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಸಂಖ್ಯೆ ಬಂದಿದ್ದು ಮಾರಾಟದ ಹೆಸರಿನಿಂದ, ಪ್ರಯೋಗಾಲಯದಿಂದ ಅಲ್ಲ. 2019ರಲ್ಲಿ ಐ-ಮಿನ್ ಲೀ ಮತ್ತು ಅವರ ತಂಡ ಸರಾಸರಿ 72 ವರ್ಷದ ಸುಮಾರು 16,700 ಹೆಂಗಸರ ಹೆಜ್ಜೆ ಎಣಿಸಿ ನೋಡಿತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಲಾಭ ಹೆಚ್ಚೇನೂ ಏರಲಿಲ್ಲ. ಕಮ್ಮಿ ನಡೆಯುವವರಿಗೆ ಸ್ವಲ್ಪ ಸೇರಿಸಿದರೂ ಸಿಗುವುದು ಜಾಸ್ತಿ ಅಂತಾಯಿತು. ನಮ್ಮ ಬಾಲದಲ್ಲಿ ಬರುವವರಿಗೆ ಇದನ್ನು ಓದಿ ಹೇಳಿದಾಗ ಒಬ್ಬ ಅಜ್ಜಿ "ಹಾಗಾದರೆ ನನ್ನದು ಆಯ್ತು ಬಿಡಪ್ಪ" ಅಂದು ಕಟ್ಟೆ ಮೇಲೆ ಕೂತೇಬಿಟ್ಟರು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಇದಕ್ಕಿಂತ ಬಳಸೋಕೆ ಸುಲಭ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು. 65 ದಾಟಿದವರು ಮೂರು ದಿನವಾದರೂ ದೇಹದ ಸಮತೋಲನಕ್ಕೆ ಸಂಬಂಧಿಸಿದ ವ್ಯಾಯಾಮ ಮಾಡಬೇಕು, ಬೀಳದಿರುವುದಕ್ಕೆ. ನಡಿಗೆ ಒಂದೇ ಸಾಲದು ಅನ್ನುವುದನ್ನು ವಾಕಿಂಗ್ ಗುಂಪಿನವರು ಬೇಗ ಮರೆಯುತ್ತಾರೆ. ಅದಕ್ಕೆ ನಾವು ಕೊನೆಯ ಹತ್ತು ನಿಮಿಷ ಬೆಂಚಿನ ಹತ್ತಿರ ಕಳೆಯುತ್ತೇವೆ: ಬೆಂಚಿನಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಬೆಂಚಿನ ಬೆನ್ನು ಹಿಡಿದು ಒಂದೊಂದೇ ಕಾಲಿನ ಮೇಲೆ ನಿಲ್ಲುವುದು, ತುದಿಗಾಲ ಮೇಲೆ ಏರಿ ಇಳಿಯುವುದು. ಸರಂಜಾಮು ಏನೂ ಬೇಕಿಲ್ಲ.

ಸಾಧಾರಣ ಬಿರುಸು ಅಂದರೆ ಎಷ್ಟು? ನಡೆಯುತ್ತಾ ಮಾತಾಡಬಹುದು, ಆದರೆ ಹಾಡೋಕೆ ಆಗಬಾರದು. ಅಷ್ಟೇ ಪರೀಕ್ಷೆ. ಹಾಡೋಕೂ ಆಗುತ್ತಿದ್ದರೆ ಸ್ವಲ್ಪ ಕಾಲು ಎತ್ತಿ ಹಾಕಿ. ಮಾತೇ ಕಷ್ಟ ಆದರೆ ಇಳಿಸಿ. ಲೆಕ್ಕ ಬೇಕೇ ಬೇಕು ಅನ್ನುವವರಿಗೆ: ನಿಮಿಷಕ್ಕೆ ಸುಮಾರು 100 ಹೆಜ್ಜೆ. ಹದಿನೈದು ಸೆಕೆಂಡಿನಲ್ಲಿ 25 ಎಣಿಸಿದರೆ ಸಾಕು. ಒಬ್ಬರಿಗೆ ಸಾಧಾರಣ ಅನ್ನಿಸಿದ್ದು ಇನ್ನೊಬ್ಬರಿಗೆ ಬಿರುಸು, ಅದಕ್ಕೇ ಮಾತಿನ ಪರೀಕ್ಷೆ ನನಗೆ ಹೆಚ್ಚು ಇಷ್ಟ. ಪಕ್ಕದಲ್ಲಿರುವವರು ಮಾತು ನಿಲ್ಲಿಸಿ ಬರೀ "ಹೂಂ, ಹೂಂ" ಅನ್ನುತ್ತಿದ್ದಾರೆ ಅಂದರೆ ಅವರಿಗೆ ನಿಮ್ಮ ಕಥೆ ಬೇಜಾರಾಗಿರಬಹುದು, ಇಲ್ಲಾ ದಮ್ಮು ಸಾಲುತ್ತಿಲ್ಲ. ಎರಡಕ್ಕೂ ಮದ್ದು ಒಂದೇ, ನಿಧಾನಿಸಿ.

ಮೊದಲ ಎರಡು ವಾರ 20 ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಸೇರಿಸುತ್ತಾ 45ಕ್ಕೆ ಬನ್ನಿ. ಶುರುವಿನ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ. ಮೊದಲ ದಿನವೇ ಒಂದು ಗಂಟೆ ನಡೆಸಿದರೆ ಮಾರನೇ ದಿನ ಮೀನಖಂಡ ಹಿಡಿದುಕೊಂಡು ಅರ್ಧ ಜನ ಮನೆಯಲ್ಲೇ.

ಹಂತ 6: ಜೀವಕ್ಕೆ ಸಂಬಂಧಿಸಿದ ಮಾತುಗಳು

ಇಲ್ಲಿ ತಮಾಷೆ ಬೇಡ. ಹೃದಯದ ಕಾಯಿಲೆ ಇರುವವರು, ನಡೆದಾಗ ಎದೆ ಹಿಡಿದುಕೊಳ್ಳುವವರು, ತಲೆ ಸುತ್ತಿ ಬೀಳುವವರು, ಈಚೆಗೆ ಆಪರೇಷನ್ ಆದವರು ಮೊದಲು ತಮ್ಮ ವೈದ್ಯರನ್ನು ಕೇಳಿಯೇ ಬರಲಿ. ಹೊಸಬರು ಬಂದಾಗ ಒಂದು ಪಕ್ಕಕ್ಕೆ ಕರೆದು, ನಿಮಗೆ ಏನಾದರೂ ತೊಂದರೆ ಇದೆಯಾ, ಏನಾದರೂ ಆದರೆ ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿಟ್ಟುಕೊಳ್ಳಿ. ಅದನ್ನು ಎಲ್ಲರ ಮುಂದೆ ಕೇಳಬೇಡಿ, ಗುಂಪಿನಲ್ಲಿ ಹಾಕಬೇಡಿ. ಅವರ ಬಿಪಿ ಅವರ ಸ್ವಂತದ್ದು.

ಎದೆಯಲ್ಲಿ ಭಾರ ಅಥವಾ ಹಿಂಡಿದ ಹಾಗೆ ನೋವು, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಉಸಿರು ಸಿಗದಿರುವುದು. ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ಕೂರಿಸಿ, ಕೂಡಲೇ ಆಂಬುಲೆನ್ಸ್ ಕರೆಯಿರಿ. "ಗ್ಯಾಸ್ ಇರಬೇಕು, ಮನೆಗೆ ಹೋಗಿ ಮಲಗ್ತೀನಿ" ಅನ್ನುವವರ ಮಾತು ಕೇಳಬೇಡಿ. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತೋಕೆ ಆಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಅಲ್ಲೂ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಗುಂಪಿನಲ್ಲಿ ಇಬ್ಬರಾದರೂ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿತಿರಲಿ.

ಶುಗರ್ ಇರುವವರ ವಿಷಯ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಕೆಲವು ಬಗೆಯ ಮಾತ್ರೆ ನುಂಗುವವರಿಗೆ ನಡೆಯುವಾಗ ಸಕ್ಕರೆ ಮಟ್ಟ ದಿಢೀರ್ ಇಳಿಯಬಹುದು. ಕೈ ನಡುಕ, ಬೆವರು, ಗೊಂದಲದ ಮಾತು ಕಂಡರೆ ಕೂಡಲೇ ಸಿಹಿ ಕೊಡಿ. ಬಾಲದವರ ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಮಾತ್ರೆ ಸದಾ ಇರಲಿ. ಇವರು ಮನೆಗೆ ಹೋದ ಮೇಲೆ ಪಾದ ನೋಡಿಕೊಳ್ಳಬೇಕು, ಗುಳ್ಳೆ ಎದ್ದದ್ದು ಗೊತ್ತೇ ಆಗದೆ ಗಾಯ ದೊಡ್ಡದಾಗುತ್ತದೆ. ಇನ್ನೊಂದು ವಿಷಯ, ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆ ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ. ಗುಂಪಿನಲ್ಲಿ ಶುಗರ್ ಇರುವವರು ಜಾಸ್ತಿ ಇದ್ದರೆ ರಾತ್ರಿ ಊಟದ ನಂತರ ಒಂದು ಸಣ್ಣ ಸುತ್ತು ಇಟ್ಟುಕೊಳ್ಳುವುದು ಒಳ್ಳೆಯದೇ.

ಶೂ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿದ್ದಾರೆ. ನಾನು ಎರಡೇ ಹೇಳುತ್ತೇನೆ. ಸಂಜೆ ಹೊತ್ತು ಕೊಳ್ಳಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳ ಮುಂದೆ ಒಂದು ಹೆಬ್ಬೆಟ್ಟಿನ ಅಗಲದಷ್ಟು ಜಾಗ ಇರಲಿ. ಬ್ರ್ಯಾಂಡು ನಿಮ್ಮಿಷ್ಟ.

ಬಿಸಿಲು ಏರಿದ್ದರೆ, ಗಾಳಿ ಹೊಗೆಯಿಂದ ಕೆಟ್ಟಿದ್ದರೆ, ಮಿಂಚು ಗುಡುಗು ಇದ್ದರೆ ನಡಿಗೆ ರದ್ದು. ಯಾರು ರದ್ದು ಮಾಡಬೇಕು ಅನ್ನುವುದು ಮೊದಲೇ ಗೊತ್ತಿರಲಿ, ಇಲ್ಲದಿದ್ದರೆ ಬೆಳಿಗ್ಗೆ ಐದೂವರೆಗೆ ನಲವತ್ತು ಮೆಸೇಜು.

ಹಂತ 7: ಫೋನಿನ ಗುಂಪು

ಬೇಕು. ಆದರೆ ಅದರಲ್ಲಿ ಮೂರೇ ವಿಷಯ: ಇವತ್ತು ನಡಿಗೆ ಇದೆಯಾ, ಎಲ್ಲಿ ಸೇರೋದು, ಯಾರು ಮುಂದೆ ಯಾರು ಬಾಲ. ಶುಭೋದಯದ ಹೂವು, ರಾಜಕೀಯ, ಫಾರ್ವರ್ಡ್ ಮಾಡಿದ ಮನೆಮದ್ದು ಬಂದ ಕೂಡಲೇ ಅಳಿಸುವ ಅಧಿಕಾರ ಒಬ್ಬ ನಿಷ್ಠುರ ಅಡ್ಮಿನ್ ಕೈಯಲ್ಲಿರಲಿ. ಹೆಜ್ಜೆ ಎಣಿಕೆಯ ಸ್ಕ್ರೀನ್‌ಶಾಟ್ ಹಾಕುವುದನ್ನೂ ನಾವು ನಿಲ್ಲಿಸಿದೆವು. ಮೊದಲು ಅದು ಹುರುಪು ಕೊಡುತ್ತದೆ, ಒಂದು ತಿಂಗಳಿಗೆ ಮೇಲಿನ ಐದು ಜನರ ಪಂದ್ಯವಾಗುತ್ತದೆ, ಉಳಿದವರು ಗುಂಪನ್ನು ಮ್ಯೂಟ್ ಮಾಡುತ್ತಾರೆ. ಫೋಟೋ ಹಾಕುವ ಮುಂಚೆ ಕೇಳಿ. ಬೆವರಿ ಕೂದಲು ಕೆದರಿದ ಮುಖ ಎಲ್ಲರಿಗೂ ತೋರಿಸೋಕೆ ಇಷ್ಟ ಇರುವುದಿಲ್ಲ.

ಹಂತ 8: ನೆರೆಹೊರೆ ಅನ್ನೋದು ತಾನಾಗಿ ಬೆಳೆಯಲ್ಲ

ಒಟ್ಟಿಗೆ ನಡೆದ ಮಾತ್ರಕ್ಕೆ ಪರಿಚಯವಾಗುತ್ತದೆ ಅಂತ ಏನಿಲ್ಲ. ನಮ್ಮಲ್ಲಿ ಆರು ತಿಂಗಳು ಜೊತೆಗೇ ನಡೆದ ಇಬ್ಬರಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ಬರುವಾಗಲೇ ಜೋಡಿಯಾಗಿ ಬರುತ್ತಾರೆ, ಜೋಡಿಯಾಗಿಯೇ ನಡೆಯುತ್ತಾರೆ, ಜೋಡಿಯಾಗಿಯೇ ಹೋಗುತ್ತಾರೆ. ಇದನ್ನು ಒಡೆಯೋಕೆ ನಾವು ಮಾಡಿದ ಉಪಾಯ ಬಹಳ ಸರಳ. ಮೊದಲ ಸುತ್ತು ಯಾರ ಜೊತೆಗಾದರೂ ನಡೆಯಿರಿ, ಎರಡನೇ ಸುತ್ತಿಗೆ ಜೊತೆಗಾರರು ಬದಲಾಗಬೇಕು. ಮೊದಲ ವಾರ ಎಲ್ಲರಿಗೂ ಮುಜುಗರ. ಮೂರನೇ ವಾರ ಒಬ್ಬರ ಕೆಟ್ಟುಹೋದ ಮಿಕ್ಸಿಯನ್ನು ಇನ್ನೊಬ್ಬರು ರಿಪೇರಿ ಮಾಡಿಕೊಡುತ್ತಿದ್ದರು.

ಅಕ್ಕಪಕ್ಕ ನಡೆಯುವುದರಲ್ಲಿ ಒಂದು ಅನುಕೂಲ ಇದೆ, ಗಮನಿಸಿದ್ದೀರಾ? ಮುಖ ನೋಡಿಕೊಂಡು ಮಾತಾಡಬೇಕಿಲ್ಲ. ಇಬ್ಬರ ಕಣ್ಣೂ ದಾರಿಯ ಮೇಲೆ. ಎದುರು ಕೂತರೆ ಹೇಳಲಾಗದ್ದು, ಮಗ ಮಾತು ಬಿಟ್ಟದ್ದು, ಕೆಲಸ ಹೋದದ್ದು, ನಿದ್ದೆ ಬಾರದ್ದು, ನಡೆಯುತ್ತಾ ಹೊರಬರುತ್ತದೆ. ಮೌನವೂ ನಡೆಯುವಾಗ ಭಾರ ಅನ್ನಿಸುವುದಿಲ್ಲ.

ಎಲ್ಲರೂ ಆಪ್ತ ಸ್ನೇಹಿತರಾಗಬೇಕು ಅಂತ ಒತ್ತಾಯಿಸಬೇಡಿ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಸಡಿಲ ಸಂಬಂಧಗಳ ಬಲದ ಬಗ್ಗೆ ಬರೆದರು. ನಮ್ಮ ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೆ ಗೊತ್ತಿರುವುದೇ, ಹೊಸ ಸುದ್ದಿ, ಹೊಸ ದಾರಿ ಬರುವುದು ಮುಖಪರಿಚಯದವರಿಂದ ಅನ್ನುವುದು ಅದರ ತಿರುಳು. ವಾಕಿಂಗ್ ಗುಂಪು ಅಂಥ ಮುಖಪರಿಚಯಗಳ ಗೂಡು. ಬಾಡಿಗೆ ಮನೆ ಎಲ್ಲಿ ಖಾಲಿ ಇದೆ, ಯಾವ ವೈದ್ಯರು ತಾಳ್ಮೆಯಿಂದ ಕೇಳುತ್ತಾರೆ, ಮಗುವಿಗೆ ಗಣಿತ ಹೇಳಿಕೊಡುವವರು ಯಾರು, ಎಲ್ಲ ಅಲ್ಲೇ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ: ಸತತ ಎರಡು ಸಲ ಬಾರದವರಿಗೆ ಯಾರಾದರೂ ಒಬ್ಬರು ಫೋನ್ ಮಾಡಬೇಕು. ಗುಂಪಿನಲ್ಲಿ ಮೆಸೇಜ್ ಅಲ್ಲ, ಫೋನು. "ಯಾಕೆ ಬರಲಿಲ್ಲ" ಅಂತ ಅಲ್ಲ, "ಹೇಗಿದ್ದೀರಿ" ಅಂತ. ಒಬ್ಬರೇ ವಾಸವಿದ್ದ ಹಿರಿಯರೊಬ್ಬರಿಗೆ ಹೀಗೇ ಫೋನ್ ಮಾಡಿದಾಗ ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದು ಗೊತ್ತಾಯಿತು. ಅವರು ಈಗ ನಮ್ಮ ಬಾಲ. ಎರಡು ಸಲ ಬಾರದವರ ಪಟ್ಟಿ ಅವರ ಹತ್ತಿರವೇ ಇರುತ್ತದೆ, ಬೇರೆಯವರಿಗೆ ಕೊಡುವುದಿಲ್ಲ.

ಹಂತ 9: ಆರನೇ ವಾರ

ಪ್ರತಿ ಗುಂಪೂ ಒಂದು ಸಲ ಸೊರಗುತ್ತದೆ. ನನ್ನ ಲೆಕ್ಕದಲ್ಲಿ ಅದು ನಾಲ್ಕರಿಂದ ಎಂಟನೇ ವಾರದ ನಡುವೆ. ಹೊಸತನ ಹೋಗಿರುತ್ತದೆ, ಅಭ್ಯಾಸ ಇನ್ನೂ ಬಂದಿರುವುದಿಲ್ಲ. ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು ಲಂಡನ್ನಿನಲ್ಲಿ 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ನಡೆಯುವಷ್ಟು ಅಭ್ಯಾಸವಾಗೋಕೆ ಹಿಡಿದದ್ದು ಸುಮಾರು 66 ದಿನ. ಕೆಲವರಿಗೆ 18, ಕೆಲವರಿಗೆ ಲೆಕ್ಕ ಹಾಕಿದರೆ 254. ಇಪ್ಪತ್ತೊಂದು ದಿನಕ್ಕೆ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನು ನಂಬಿ ಇಪ್ಪತ್ತೆರಡನೇ ದಿನ ನಿರಾಶರಾಗಬೇಡಿ. ಅದೇ ಅಧ್ಯಯನ ಇನ್ನೂ ಒಂದು ಸಮಾಧಾನ ಕೊಟ್ಟಿತು: ಮಧ್ಯೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ.

ಸೊರಗಿದ ವಾರಗಳಲ್ಲಿ ಮಾಡಬೇಕಾದ್ದು ಏನೂ ಹೊಸದಲ್ಲ. ಇಬ್ಬರೇ ಬಂದರೂ ನಡೆಯಿರಿ. ಬಂದವರ ಮುಂದೆ ಬಾರದವರನ್ನು ಬೈಯಬೇಡಿ, ಕೇಳುತ್ತಿರುವವರು ಬಂದವರು ತಾನೇ? ದಾರಿಯನ್ನು ತಿರುಗುಮುರುಗಾಗಿ ಹೋಗಿ ನೋಡಿ, ಅದೇ ಬೀದಿ ಬೇರೆ ತರಹ ಕಾಣುತ್ತದೆ. ತಿಂಗಳಿಗೊಮ್ಮೆ ದೂರದ ನಡಿಗೆ ಇಟ್ಟುಕೊಳ್ಳಿ, ಮಕ್ಕಳನ್ನೂ ಕರೆತನ್ನಿ. ಮಳೆಗಾಲಕ್ಕೆ ಒಂದು ಒಳಾಂಗಣ ಮೊದಲೇ ಹುಡುಕಿಟ್ಟಿರಿ, ಉದ್ದನೆಯ ಕಾರಿಡಾರು ಅಥವಾ ಸಭಾಂಗಣ. ಒಂದು ವಾರ ನಿಂತದ್ದು ಮತ್ತೆ ಶುರುವಾಗುತ್ತದೆ, ಒಂದು ತಿಂಗಳು ನಿಂತರೆ ಕಷ್ಟ.

ಹಂತ 10: ದುಡ್ಡು, ಪದಾಧಿಕಾರ

ಚಂದಾ ಬೇಡ. ನಡೆಯೋಕೆ ಖರ್ಚಿಲ್ಲ, ದುಡ್ಡು ಬಂದ ಕಡೆ ಲೆಕ್ಕ ಬರುತ್ತದೆ, ಲೆಕ್ಕ ಬಂದ ಕಡೆ ಜಗಳ. ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಬೇಕಾದರೆ ಆವತ್ತೇ ಕೈಯಿಂದ ಕೈಗೆ ಕೂಡಿಸಿ ಮುಗಿಸಿಬಿಡಿ. ಟೀ ಶರ್ಟ್ ಕೊಡುತ್ತೇವೆ, ನಿಮ್ಮ ಸದಸ್ಯರ ನಂಬರ್ ಕೊಡಿ ಅಂತ ಪುಡಿ ಮಾರುವವರು, ವಿಮೆ ಮಾರುವವರು, ಚುನಾವಣೆಗೆ ನಿಂತವರು ಬರುತ್ತಾರೆ. ಕೈ ಮುಗಿದು ಕಳಿಸಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಯಾವುದೂ ಬೇಡ. ಮುಂದೆ ಮತ್ತು ಬಾಲ, ಎರಡೇ ಹುದ್ದೆ, ವಾರಕ್ಕೊಮ್ಮೆ ಬದಲು.

ಹಂತ 11: ನೀವು ಬಾರದೆ ನೋಡಿ

ಆರು ತಿಂಗಳಾದ ಮೇಲೆ ಬೇಕಂತಲೇ ಎರಡು ವಾರ ಹೋಗಬೇಡಿ. ಊರಿನಲ್ಲಿ ಇರಲ್ಲ ಅಂತ ಹೇಳಿ, ಯಾರಿಗೂ ಕೆಲಸ ಹಂಚಬೇಡಿ, ಸುಮ್ನೆ ಮಾಯವಾಗಿ. ಗುಂಪು ನಿಂತುಹೋದರೆ ಅದು ನಿಮ್ಮ ಗುಂಪಾಗಿತ್ತು, ಬೀದಿಯದ್ದಾಗಿರಲಿಲ್ಲ. ಹಿಂತಿರುಗಿ ಬಂದು ಮುಂದೆ ನಡೆಯುವ ಕೆಲಸವನ್ನು ಒಬ್ಬೊಬ್ಬರಿಗೇ ಕಲಿಸುತ್ತಾ ಬನ್ನಿ.

ನಾನು ಹೀಗೆ ಎರಡು ವಾರ ಬಿಟ್ಟು ಹೋದಾಗ ಐದು ನಿಮಿಷ ತಡವಾಗಿಬಿಟ್ಟಿತ್ತು. ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಎದೆ ಧಸಕ್ ಅಂದಿತು. ಫೋನ್ ತೆಗೆದು ನೋಡಿದರೆ ಬಾಲದವರ ಮೆಸೇಜು: "ಐದು ನಿಮಿಷ ಕಾದು ಹೊರಟೆವು. ತಡವಾಗಿ ಬರುವವರು ಎರಡನೇ ಸುತ್ತಿಗೆ ಸೇರಿಕೊಳ್ಳಿ."